ಹದಿನೆಂಟನೆಯ ಮನೆ

ನಮ್ಮ ಕಾರಬೀಲ್ ಊರನ್ನು ಬೆಳೆಸುವುದಕ್ಕೆಂದೇ ಒಂದು ಸಮಿತಿಯಿದೆ. ಪ್ರತಿ ತಿಂಗಳ ಮೊದಲ ಮಂಗಳವಾರ ಫುಟ್‌ಬಾಲ್ ಕ್ಲಬ್ಬಿನ ಮೇಲಿನ ಕೋಣೆಯಲ್ಲಿ ಸೇರುತ್ತದೆ, ಚಹಾ ಕುಡಿಯುತ್ತದೆ, ಮುಂದಿನ ತಿಂಗಳು ಮತ್ತೆ ಸೇರುವುದೆಂದು ತೀರ್ಮಾನಿಸಿ ಎದ್ದುಹೋಗುತ್ತದೆ. ಸಮಿತಿ ಹುಟ್ಟಿದ ಈ ಆರು ವರ್ಷದಲ್ಲಿ ಊರಿನ ಜನಸಂಖ್ಯೆ ಒಂಬೈನೂರ ನಲವತ್ತರಿಂದ ಎಂಟುನೂರ ಎಪ್ಪತ್ತಕ್ಕೆ ಬೆಳೆದಿದೆ.

ಅದರ ಕಾರ್ಯದರ್ಶಿ ನಾನೇ, ನೋಲೀನ್ ಪಾಸ್ಕೊ. ಮೂವತ್ತೊಂದು ವರ್ಷ ಗೋಧಿ ಕೂಡಿಡುವ ಸೈಲೋ ಕಣಜದ ಮುಂದಿನ ವೇಬ್ರಿಜ್‌ನಲ್ಲಿ ಕೂತು ಲಾರಿ ತೂಗಿದವಳು. ನಿವೃತ್ತಿಯಾದ ಮೇಲೆ ಪುರಸಭೆಯವರು ಕರೆದು, "ಊರಿಗೆ ಕೆಲಸಗಾರರನ್ನ ತರೋ ಕೆಲಸ, ವಾರಕ್ಕೆ ಮೂರು ದಿನ. ನಿಂಗೆ ಎಲ್ಲರೂ ಗೊತ್ತಲ್ಲ" ಅಂದರು. ಎಲ್ಲರೂ ಗೊತ್ತಿರುವುದೇ ತೊಂದರೆಯೆಂದು ಆಗ ನನಗೆ ಹೊಳೆಯಲಿಲ್ಲ.

ಅಧ್ಯಕ್ಷ ಗ್ರೇಮ್ ಹ್ಯಾಲೆಟ್. ಟ್ರಾಕ್ಟರ್ ಅಂಗಡಿಯವನು, ಫುಟ್‌ಬಾಲ್ ಕ್ಲಬ್ಬಿಗೂ ಅವನೇ ಅಧ್ಯಕ್ಷ, ಒಂದನೇ ತರಗತಿಯಿಂದ ನನ್ನ ಪಕ್ಕದ ಬೆಂಚು. ಕಳೆದ ವರ್ಷ ಅವನು ಡ್ರೋನ್ ಹಾರಿಸಿ ಒಂದು ವಿಡಿಯೋ ಮಾಡಿಸಿದ. ಸೈಲೋಗಳ ಹಿಂದೆ ಸೂರ್ಯ ಮುಳುಗುವುದು, ಹಿನ್ನೆಲೆಯಲ್ಲಿ ಗಿಟಾರು, 'ಬನ್ನಿ, ಇಲ್ಲಿ ಬೇರೂರಿ' ಅಂತ ಅಕ್ಷರ.

"ಸೂರ್ಯ ಎಲ್ಲಾ ಊರಲ್ಲೂ ಮುಳುಗ್ತಾನೆ ಕಣೋ ಗ್ರೇಮ್" ಅಂದೆ. "ಬಂದೋರು ಮಲಗೋದೆಲ್ಲಿ, ಅದು ಹೇಳು."

"ನಿಂದು ಯಾವಾಗ್ಲೂ ಕೊಂಕೇ. ಮೊದ್ಲು ಆಸೆ ಹುಟ್ಟಿಸ್ಬೇಕು, ಆಮೇಲೆ ಮಿಕ್ಕಿದ್ದು."

ನಮ್ಮಲ್ಲಿ ಕೆಲಸಕ್ಕೆ ಬರವಿಲ್ಲ, ಮಾಡುವವರಿಗೆ ಬರ. ಆಸ್ಪತ್ರೆಗೆ ನರ್ಸ್ ಬೇಕು, ಶಾಲೆಗೆ ಮೇಷ್ಟ್ರು ಬೇಕು, ಬೇಕರಿಯವನು ಬೆಳಗಿನ ಜಾವ ಮೂರಕ್ಕೆದ್ದು ಒಬ್ಬನೇ ಹಿಟ್ಟು ನಾದುತ್ತಾನೆ. ಅವೆಲ್ಲ ಒತ್ತಟ್ಟಿಗಿರಲಿ. ನನ್ನ ತಲೆ ತಿಂದದ್ದು ಡೇಕೇರಿನ ಹಸುಳೆ ಕೋಣೆ. ಎರಡು ವರ್ಷದೊಳಗಿನ ಹನ್ನೊಂದು ಕೂಸುಗಳು ಅಲ್ಲಿದ್ದವು. ಅವುಗಳ ತಾಯಂದಿರಲ್ಲಿ ನಾಲ್ವರು ನರ್ಸುಗಳು, ಇಬ್ಬರು ಮೇಡಮ್ಮುಗಳು, ಒಬ್ಬಳು ಊರಿಗಿರುವ ಒಂದೇ ಔಷಧದಂಗಡಿಯವಳು. ಶಿಶುಪಾಲನೆಯ ಡಿಪ್ಲೊಮಾ ಮಾಡಿದ ಒಬ್ಬರು ಇರದಿದ್ದರೆ ಕೋಣೆ ನಡೆಸುವಂತಿಲ್ಲ, ಅದು ಕಾನೂನು. ಇದ್ದವಳಿಗೇ ಮಗುವಾಗಿ, ಬಾಣಂತನಕ್ಕೆಂದು ತವರಿಗೆ ಹೋದವಳು ಅಲ್ಲೇ ಉಳಿದುಬಿಟ್ಟಳು. ಜೂನ್ ಮೂವತ್ತರವರೆಗೆ ಹೇಗೋ ನಡೆಸಿಕೊಳ್ಳಿ, ಆಮೇಲೆ ಬಾಗಿಲು ಹಾಕಿ ಎಂದು ಇಲಾಖೆಯಿಂದ ಕಾಗದ ಬಂತು. ಬಾಗಿಲು ಹಾಕಿದರೆ ಹನ್ನೊಂದು ಹೆಂಗಸರು ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕು. ಆಸ್ಪತ್ರೆಯ ತುರ್ತು ವಿಭಾಗ ಶನಿವಾರ, ಭಾನುವಾರ ಮುಚ್ಚಬೇಕು. ಬೇಕಾಗಿದ್ದದ್ದು ಒಬ್ಬಳು. ಒಬ್ಬಳೇ ಒಬ್ಬಳು!

ಹದಿನಾಲ್ಕು ತಿಂಗಳು ಜಾಹೀರಾತು ಹಾಕಿ ಹಾಕಿ ಬೆರಳು ಸವೆದ ಮೇಲೆ ಮಾರ್ಚಿನಲ್ಲಿ ವಾಸಿತಿ ಫೋನ್ ಮಾಡಿದಳು. ಫಿಜಿಯವಳು, ಮೆಲ್ಬರ್ನಿನ ಹೊರವಲಯದಲ್ಲಿ ಒಂಬತ್ತು ವರ್ಷದಿಂದ ಇದ್ದವಳು, ಡಿಪ್ಲೊಮಾ ಇತ್ತು, ಏಳು ವರ್ಷದ ಮಗಳು ಆನಾ ಜೊತೆಗಿದ್ದಳು. ಗಂಡ ಎಲ್ಲಿ ಅಂತ ನಾನು ಕೇಳಲಿಲ್ಲ. ನಮ್ಮ ಕಡೆ ಹಾಗೆಲ್ಲ ಕೇಳುವುದಿಲ್ಲ. ಬೇರೆಯವರ ವಿಷಯಕ್ಕೆ ಮೂಗು ತೂರಿಸದಿರುವುದನ್ನೇ ನಾವು ಮರ್ಯಾದೆ ಅಂದುಕೊಂಡವರು.

ಅವಳು ಮಾತ್ರ ನೇರವಾಗಿ ಕೇಳಿದಳು. "ಮನೆ ಇದೆಯಾ ಮೇಡಂ? ಮಗಳಿದ್ದಾಳೆ. ಮನೆ ಇಲ್ಲದೆ ನಾನು ಬರೋಕಾಗಲ್ಲ."

"ಮೂರು ಕೋಣೆ ಇಟ್ಟಿಗೆ ಮನೆ ಕಣಮ್ಮಾ, ಹಿತ್ತಲಲ್ಲಿ ನಿಂಬೆ ಗಿಡ ಇದೆ, ಶಾಲೆ ಎದುರಿಗೇ. ನೀನು ಬಾ" ಅಂದೆ.

ಸುಳ್ಳಲ್ಲ. ಬ್ಯಾಂಕು ಮುಚ್ಚಿದಾಗ ಮ್ಯಾನೇಜರನ ಮನೆಯನ್ನು ಫುಟ್‌ಬಾಲ್ ಕ್ಲಬ್ಬು ಕೊಂಡಿತ್ತು. ಡೇಕೇರಿಗೆ ಯಾರು ಬಂದರೂ ಅದನ್ನೇ ಬಾಡಿಗೆಗೆ ಕೊಡುವುದೆಂದು ಸಮಿತಿಯಲ್ಲಿ ಎಲ್ಲರೂ ಕೈಯೆತ್ತಿದ್ದರು. ಗ್ರೇಮ್ ಎರಡೂ ಕೈ ಎತ್ತಿದ್ದ.

ಈಸ್ಟರ್ ಕಳೆದ ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ನಾನು ಲ್ಯಾಮಿಂಗ್ಟನ್ ಕೇಕಿನ ಡಬ್ಬ ಹಿಡಿದು ಆ ಮನೆಯ ಗೇಟಿನ ಬಳಿ ನಿಂತಿದ್ದೆ. ಅಂಗಳದಲ್ಲಿ ಯಾರದೋ ಕೆಂಪು ಯೂಟ್, ಹಿಂದೆ ಸಾಮಾನು ಹೇರುವ ತೆರೆದ ಗಾಡಿ. ಜಗಲಿಯ ಮೇಲೆ ಬರಿಗಾಲಲ್ಲಿ ಒಬ್ಬ ಹುಡುಗ, ಆರಡಿ ಮೂರಂಗುಲ, ದೊಡ್ಡ ಪಾತ್ರೆಯಲ್ಲಿ ಹಾಲು ಸುರಿದುಕೊಂಡು ಸೀರಿಯಲ್ ತಿನ್ನುತ್ತಿದ್ದ.

"ಹಾಯ್! ನಾನು ಬ್ರೋಡಿ. ಹೊಸ ಫುಲ್‌ಫಾರ್ವರ್ಡ್, ನಿಮ್ಮ ತಂಡಕ್ಕೆ ಗೋಲು ಹೊಡೆಯೋನು. ಗುರುವಾರ ಬಂದೆ" ಅಂದ. ನನ್ನ ಕೈಯ ಡಬ್ಬ ನೋಡಿ ಅವನ ಮುಖ ಅರಳಿತು. "ಅಯ್ಯೋ, ನಂಗಾ? ಎಷ್ಟು ಒಳ್ಳೇ ಊರಪ್ಪಾ ಇದು!"

ಅಷ್ಟರಲ್ಲಿ ಬೂದು ಬಣ್ಣದ ಹಳೇ ಕಾರೊಂದು ಬಂದು ನಿಂತಿತು. ಚಾವಣಿಯ ಮೇಲೆ ಹಾಸಿಗೆ ಕಟ್ಟಿತ್ತು. ಹಿಂದಿನ ಸೀಟಿನಲ್ಲಿ ಆನಾ ದಿಂಬು ತಬ್ಬಿಕೊಂಡು ಕೂತಿದ್ದಳು. ವಾಸಿತಿ ಕಿಟಕಿ ಇಳಿಸಿ ಮನೆಯನ್ನೂ ಹುಡುಗನನ್ನೂ ನನ್ನನ್ನೂ ನೋಡಿದಳು. ಅವಳು ಏನೂ ಅನ್ನುವ ಮೊದಲೇ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವರಿಬ್ಬರನ್ನು ನಮ್ಮ ಮನೆಗೆ ಕರೆದೊಯ್ದು ಚಹಾ ಕೊಟ್ಟು ಕೂರಿಸಿ, ನೇರ ಗ್ರೇಮ್‌ನ ಅಂಗಡಿಗೆ ನುಗ್ಗಿದೆ.

"ಏನೋ ಮಾಡಿದೀಯ ನೀನು? ನಾಚಿಕೆ ಆಗಲ್ವಾ?"

"ಕಿರುಚ್ಬೇಡ, ಗಿರಾಕಿಗಳಿದಾರೆ. ಹುಡುಗ ಮೊದ್ಲು ಬಂದ, ಅವಳು ಆಮೇಲೆ ಬಂದ್ಲು. ಏನು ಮಾಡ್ಲಿ? ಪಕ್ಕದೂರು ವಾಲ್ಪಾದವರು ಅವನಿಗೆ ಮನೆ ಕೊಡ್ತೀವಿ ಅಂತ ಗಾಳ ಹಾಕಿದ್ರು. ನಾನು ಬಿಟ್ಟಿದ್ರೆ ಹೋಗೇಬಿಡ್ತಿದ್ದ."

"ಹೋಗ್ಲಿ! ಅವನೇನು ಕೂಸುಗಳ ಚಡ್ಡಿ ಬದಲಾಯಿಸ್ತಾನಾ?"

ಗ್ರೇಮ್ ಎಣ್ಣೆಗೈ ಒರೆಸಿಕೊಂಡ. "ನೋಲೀನ್, ಹೋದ ವರ್ಷ ಹದಿನಾರು ಆಟ, ಹದಿನಾಲ್ಕು ಸೋತ್ವಿ. ಇನ್ನೊಂದು ವರ್ಷ ಹಿಂಗೇ ಆದ್ರೆ ತಂಡ ಇರಲ್ಲ, ವಾಲ್ಪಾ ಜೊತೆ ಸೇರಿಸಿಬಿಡ್ತಾರೆ. ನೂರ ಇಪ್ಪತ್ತು ವರ್ಷದ ಕ್ಲಬ್ಬು! ಹಳೇ ಆಟಗಾರರ ಹಲಗೇಲಿ ನಿಮ್ಮಪ್ಪನ ಹೆಸರು ಕ್ಲಬ್ಬಿನ ಗೋಡೆ ಮೇಲಿದೆ, ಅದನ್ನ ವಾಲ್ಪಾದ ಪಾಯಿಖಾನೆ ಪಕ್ಕ ತಗುಲಿಹಾಕ್ತಾರೆ, ಆಗ್ಬಹುದಾ ನಿಂಗೆ? ಅಲ್ದೆ ಅವನೂ ಕೆಲಸಗಾರನೇ. ನನ್ನ ಹಾರ್ವೆಸ್ಟರುಗಳನ್ನ ತೊಳೀತಾನೆ. ಊರಿಗೆ ಒಬ್ಬ ಬಂದ ಅಂತ ವರದಿಯಲ್ಲಿ ಬರ್ಕೊ."

ಮೈಯೆಲ್ಲ ಉರಿದುಹೋಯಿತು. ಆದರೆ ನಿಜ ಹೇಳಬೇಕು, ಅಪ್ಪನ ಹೆಸರು ಬಂದ ಕೂಡಲೇ ನನ್ನ ದನಿ ಇಳಿದದ್ದೂ ಹೌದು. ನಮ್ಮ ಊರುಗಳಲ್ಲಿ ಒಳ್ಳೇ ಆಟಗಾರನಿಗೆ ಮನೆ, ಕೆಲಸ ಎಲ್ಲ ಒಂದೇ ವಾರದಲ್ಲಿ ಹುಟ್ಟಿಕೊಳ್ಳುತ್ತವೆ. ಯಾರೂ ಸಭೆ ಸೇರುವುದಿಲ್ಲ, ವಿಡಿಯೋ ಮಾಡುವುದಿಲ್ಲ. ನರ್ಸಿಗೆ, ಮೇಷ್ಟ್ರಿಗೆ ಮಾತ್ರ ಸಮಿತಿ ಬೇಕು.

ಕೊನೆಗೆ ವಾಸಿತಿಗೆ ಸಿಕ್ಕಿದ್ದು ಹೊಳೆಯ ಪಕ್ಕದ ಕ್ಯಾರವಾನ್ ಪಾರ್ಕಿನಲ್ಲಿ ಆರನೇ ನಂಬರಿನ ಗಾಡಿ, ಗಾಲಿಯ ಮೇಲಿನ ಒಂದೇ ಕೋಣೆಯ ತಗಡಿನ ಮನೆ. ಸ್ನಾನಕ್ಕೆ, ಪಾಯಿಖಾನೆಗೆ ಅರವತ್ತು ಹೆಜ್ಜೆ ನಡೆಯಬೇಕು. ಅದೂ ಜೂನ್ ಹದಿನೈದರವರೆಗೆ. ಆಮೇಲೆ ಇಡೀ ಪಾರ್ಕನ್ನು ಕರೆಂಟು ಮಾಡುವ ಗಾಳಿಯಂತ್ರ ನೆಡುವ ಕಂಪನಿಯೊಂದು ತನ್ನ ಆಳುಗಳಿಗಾಗಿ ಹಿಡಿದಿತ್ತು. ಆ ಗಾಳಿಯಂತ್ರ ತಂದದ್ದೂ ನಮ್ಮ ಊರಿನ ಬೆಳವಣಿಗೆಗೇ.

"ಅಷ್ಟರೊಳಗೆ ನಾನು ಮನೆ ಹುಡುಕ್ತೀನಿ" ಅಂದೆ.

"ಆಯ್ತು ನೋಲೀನ್" ಅಂದಳು ವಾಸಿತಿ. ಬೈಯಲಿಲ್ಲ, ಅಳಲಿಲ್ಲ. ಮಾರನೇ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹಾಜರಾದಳು.

ಕೆಲಸ ಅಂದರೆ ಅದು ಕೆಲಸ! ನರ್ಸ್ ಕರ್ಸ್ಟಿಯ ಗಂಡುಕೂಸು ಯಾರ ಕೈಗೂ ಹೋಗುತ್ತಿರಲಿಲ್ಲ, ತಾಯಿ ಹೋದಾಗಿನಿಂದ ಬರುವವರೆಗೆ ಚೀರಾಟ. ವಾಸಿತಿ ಅದನ್ನು ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡು, ತನ್ನ ಭಾಷೆಯಲ್ಲಿ ಏನೋ ಗುನುಗುತ್ತ ಬಾಟಲಿ ತೊಳೆಯುತ್ತಿದ್ದಳು. ಮೂರನೇ ದಿನಕ್ಕೆ ಕೂಸು ಅವಳ ಜಡೆ ಹಿಡಿದೇ ನಿದ್ದೆ ಹೋಗತೊಡಗಿತು. ಕರ್ಸ್ಟಿ ನನ್ನನ್ನು ಅಂಗಡಿಯಲ್ಲಿ ತಡೆದು, "ದಮ್ಮಯ್ಯ ನೋಲೀನ್, ಅವಳನ್ನ ಹೋಗೋಕೆ ಮಾತ್ರ ಬಿಡ್ಬೇಡ. ನಂಗೆ ಹುಚ್ಚು ಹಿಡಿಯೋದು ಬಾಕಿ ಇತ್ತು" ಅಂದಳು.

ಬಿಡುತ್ತೇನೆಯೇ? ಪಟ್ಟಿ ಮಾಡಿದೆ. ಊರಲ್ಲಿ ಬೀಗ ಹಾಕಿದ ಮನೆ ಎಷ್ಟು ಅಂತ ಬೀದಿ ಬೀದಿ ನಡೆದು ಬರೆದೆ. ಹದಿನೇಳು. ಮಾಲೀಕರೆಲ್ಲ ನನಗೆ ಗೊತ್ತಿದ್ದವರೇ, ಎಲ್ಲರ ಗೋಧಿಯನ್ನೂ ತೂಗಿದವಳು ನಾನು. ಒಬ್ಬೊಬ್ಬರ ಮನೆಗೂ ಹೋಗಿ ಕೂತೆ.

ಒಬ್ಬರು ಹೇಳಿದರು, ಅಳಿಯ ವರ್ಷಕ್ಕೊಮ್ಮೆ ಬಾತುಕೋಳಿ ಬೇಟೆಗೆ ಬರುತ್ತಾನೆ, ಅವನಿಗೆ ಇರಲಿ ಅಂತ. ಇನ್ನೊಬ್ಬರು ಪಕ್ಕದ ಹೊಲ ಕೊಂಡಾಗ ಮನೆ ಜೊತೆಗೆ ಬಂತಂತೆ, ಅದರ ನಡುಮನೆಯಲ್ಲಿ ಈಗ ಬಿತ್ತನೆ ಬೀಜದ ಮೂಟೆ. ಮತ್ತೊಬ್ಬಳು, "ಬಾಡಿಗೆಗೆ ಕೊಟ್ರೆ ಗೋಡೆಗೆ ಮೊಳೆ ಹೊಡೀತಾರೆ ಕಣೇ" ಅಂದಳು. ಆ ಮನೆಯ ಚಾವಣಿ ಅರ್ಧ ಕುಸಿದಿದೆ, ಮೊಳೆಯ ಚಿಂತೆ ಅವಳಿಗೆ! ಎಲ್ಲರೂ ಬಿಸ್ಕತ್ತು ಕೊಟ್ಟರು. ಎಲ್ಲರೂ ವಾಸಿತಿಯನ್ನು ಹೊಗಳಿದರು. "ಅಯ್ಯೋ ಪಾಪ, ಯಾರಾದ್ರೂ ಏನಾದ್ರೂ ಮಾಡ್ಬೇಕಪ್ಪ" ಅಂದರು. ಯಾರಾದರೂ ಅಂದರೆ ಯಾರು? ಒಂಬತ್ತನೇ ಮನೆಯ ಹೊತ್ತಿಗೆ ಬಿಸ್ಕತ್ತು ಕಂಡರೆ ವಾಕರಿಕೆ ಬರುವಂತಾಯಿತು.

ಹದಿನೇಳನೆಯವನು ಮರ್ವ್, ಎಂಬತ್ತೆರಡರ ಮುದುಕ. ಹಳೇ ಅಂಚೆ ಕಚೇರಿ ಅವನದು. ಒಳಗೆ ತೀರಿಕೊಂಡ ಅವನ ಅಣ್ಣನ ಎಪ್ಪತ್ತು ರೇಡಿಯೋಗಳಿವೆ, ಮುಟ್ಟುವಂತಿಲ್ಲವಂತೆ.

ನನಗೆ ರೇಗಿತು. "ಸತ್ತವರ ಸಾಮಾನಿಗೆ ಮನೆ, ಬದುಕಿರೋ ಮಗೂಗೆ ಡಬ್ಬಿ. ಚೆನ್ನಾಗಿದೆ ಮರ್ವ್ ನಿಮ್ಮ ನ್ಯಾಯ."

ಅವನು ಕೋಪಿಸಿಕೊಳ್ಳಲಿಲ್ಲ. ನನ್ನ ಪಟ್ಟಿ ಈಸಿಕೊಂಡು, ಕನ್ನಡಕ ಏರಿಸಿ, ಬೆರಳಿಟ್ಟು ಓದಿದ. "ಹದಿನೇಳಲ್ಲ, ಹದಿನೆಂಟು" ಅಂದ. "ಸ್ಕಾಟ್ ಬೀದಿ ಬಿಟ್ಟುಹೋಗಿದೆ. ನಿಮ್ಮಮ್ಮಂದು."

"ಅದು ಬೇರೆ" ಅಂದೆ.

"ಹೂಂ. ನನ್ನದೂ ಬೇರೇನೇ" ಅಂದ ಮರ್ವ್, ಪಟ್ಟಿ ವಾಪಸ್ಸು ಕೊಟ್ಟು ಬಾಗಿಲು ಹಾಕಿಕೊಂಡ.

ಬೇರೆಯೇ ಮತ್ತೆ. ಅಮ್ಮ ಸತ್ತು ನಾಲ್ಕು ವರ್ಷವಾಯಿತು. ಆ ಮನೆಯಲ್ಲಿ ಕರೆಂಟಿದೆ, ನೀರಿದೆ, ಖಾಲಿ ಫ್ರಿಜ್ಜು ಈಗಲೂ ಓಡುತ್ತದೆ. ಹದಿನೈದು ದಿನಕ್ಕೊಮ್ಮೆ ಹೋಗಿ ಹುಲ್ಲು ಕತ್ತರಿಸಿ ಬರುತ್ತೇನೆ. ಭಾನುವಾರ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಚಹಾ ಕುಡಿಯುತ್ತೇನೆ. ಅವಳ ಕೋಟು ಬಾಗಿಲ ಹಿಂದೆಯೇ ಇದೆ, ಜೇಬಿನಲ್ಲಿ ಕರವಸ್ತ್ರವಿದೆ. ಯಾರೋ ಬಂದು ಅವಳ ಒಲೆಯ ಮೇಲೆ ಹುರಿಯುವುದು, ಅವಳ ಮಂಚದಲ್ಲಿ ಮಲಗುವುದು ಎಂದು ನೆನೆಸಿಕೊಂಡರೆ ಮನಸ್ಸು ಒಪ್ಪುತ್ತಿರಲಿಲ್ಲ. ಮಿಕ್ಕ ಹದಿನೇಳರಲ್ಲಿ ಒಂದಾದರೂ ಸಿಕ್ಕೇ ಸಿಗುತ್ತದೆ, ನನ್ನದಕ್ಕೆ ಕೈ ಹಾಕುವ ಪ್ರಸಂಗ ಬರುವುದಿಲ್ಲ ಅಂದುಕೊಂಡೆ. ವಾರ ಕಳೆದ ಹಾಗೆ ಅದನ್ನೇ ಮತ್ತೆ ಮತ್ತೆ ಅಂದುಕೊಂಡೆ.

ಬುಧವಾರ ಸಂಜೆ ವಾಸಿತಿ ನನ್ನನ್ನು ಊಟಕ್ಕೆ ಕರೆಯುವುದು ರೂಢಿಯಾಯಿತು. ಡಬ್ಬಿ ಮೀನನ್ನು ತೆಂಗಿನ ಹಾಲಲ್ಲಿ ಬೇಯಿಸಿ, ಮರಗೆಣಸು ಸಿಗದ್ದಕ್ಕೆ ಆಲೂಗಡ್ಡೆ ಜೊತೆ ಕೊಡುತ್ತಿದ್ದಳು. ಮೂವರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುವ ಮೇಜು. ಆನಾಳಿಗೆ ಉಬ್ಬಸ. ನಮ್ಮಲ್ಲಿ ಮೇ ತಿಂಗಳಿಗೇ ಚಳಿ ಶುರು, ಆ ಚಳಿಗೆ ಗಾಡಿಯ ಒಳಗೋಡೆಯಲ್ಲೆಲ್ಲ ನೀರು ಜಿನುಗುತ್ತಿತ್ತು, ಹುಡುಗಿ ಕೆಮ್ಮುತ್ತಲೇ ಹೋಂವರ್ಕ್ ಮಾಡುತ್ತಿದ್ದಳು. ನಾನು ಮನೆಯಿಂದ ಒಂದು ಹೀಟರು ತಂದುಕೊಟ್ಟೆ. ಆಮೇಲೆ ಊಟ ಮುಗಿಯುವವರೆಗೂ ಊರವರನ್ನೆಲ್ಲ ಜಾಲಾಡುತ್ತಿದ್ದೆ.

"ಇವರಿಗೆ ಹೃದಯ ಇಲ್ಲ ವಾಸಿತಿ. ರೇಡಿಯೋ ಇಡೋಕೆ ಮನೆ! ಬಾತುಕೋಳಿ ಹೊಡೆಯೋನಿಗೆ ಮನೆ! ಇವರ ಮಕ್ಕಳು, ಮೊಮ್ಮಕ್ಕಳನ್ನ ನೋಡ್ಕೊಳ್ಳೋಕೆ ಬಂದೋಳಿಗೆ ಮಾತ್ರ ಇಲ್ಲ!"

ಅವಳು ನನ್ನ ತಟ್ಟೆಗೆ ಇನ್ನಷ್ಟು ಬಡಿಸುತ್ತಿದ್ದಳು. "ತಿನ್ನಿ ನೋಲೀನ್, ಆರಿಹೋಗುತ್ತೆ." ಅಷ್ಟೇ.

ಆ ತಿಂಗಳ ಕೊನೆಯ ಶನಿವಾರ ವಾಲ್ಪಾ ವಿರುದ್ಧ ಆಟವಿತ್ತು. ಮೈದಾನದ ಸುತ್ತ ಕಾರು ನಿಲ್ಲಿಸಿಕೊಂಡು, ನಮ್ಮವರು ಗೋಲು ಹೊಡೆದಾಗೆಲ್ಲ ಹಾರ್ನು ಒತ್ತುವುದು ಇಲ್ಲಿಯ ಪದ್ಧತಿ. ನಾನು ಎಂದಿನಂತೆ ಕ್ಯಾಂಟೀನಿನಲ್ಲಿ ಆಲೂ ಚಿಪ್ಸ್ ಕರಿಯುತ್ತಿದ್ದೆ. ನಮ್ಮ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಒಂದು ಗೋಲಿಗೆ ಆರು ಪಾಯಿಂಟ್. ಕೊನೇ ನಿಮಿಷ, ಐದು ಪಾಯಿಂಟ್ ಹಿಂದೆ ಇದ್ದೆವು. ಆ ಬ್ರೋಡಿ ಮೂವರ ಹೆಗಲ ಮೇಲೇರಿ ಚೆಂಡು ಹಿಡಿದ. ಆಟ ಮುಗಿದ ಸೈರನ್ ಆಯಿತು, ಆದರೂ ಹಾಗೆ ಹಿಡಿದವನಿಗೆ ಒಂದು ಒದೆತ ಉಂಟು. ಐವತ್ತು ಮೀಟರಿನಿಂದ ಒದ್ದ, ನಡುಗಂಬಗಳ ಮಧ್ಯೆ ಸರಿಯಾಗಿ ಹೋಯಿತು. ನಾನು ಬಾಣಲೆ ಬಿಟ್ಟು ಓಡಿ, ಕಾರಿನ ಕಿಟಕಿಯೊಳಗೆ ಕೈ ತೂರಿಸಿ ಹಾರ್ನು ಒತ್ತಿದೆ ಒತ್ತಿದೆ, ಕಣ್ಣಲ್ಲಿ ನೀರು ಬಂತು. ಗ್ರೇಮ್ ಓಡಿಬಂದು ನನ್ನನ್ನು ಎತ್ತಿ ತಿರುಗಿಸಿದ. "ನೋಡ್ದೇನೇ? ನೋಡ್ದೇನೇ ಅವನನ್ನ?"

"ನೋಡ್ದೆ ಕಣೋ! ಅಪ್ಪ ಇರ್ಬೇಕಿತ್ತು!" ಅಂತ ಕೂಗಿದೆ.

ಕ್ಯಾಂಟೀನಿಗೆ ವಾಪಸ್ಸು ಬಂದರೆ ಸಾಲಿನಲ್ಲಿ ಮೊದಲಿಗೆ ವಾಸಿತಿ, ಆನಾಳ ಕೈ ಹಿಡಿದು ನಿಂತಿದ್ದಳು. "ಚೆನ್ನಾಗಿ ಆಡ್ತಾನೆ ಹುಡುಗ" ಅಂದಳು. ಕೊಂಕಿರಲಿಲ್ಲ ಅವಳ ಮಾತಲ್ಲಿ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಜೂನ್ ತಿಂಗಳ ಮೊದಲ ಬುಧವಾರ ಊಟಕ್ಕೆ ಹೋದಾಗ ಗಾಡಿಯಲ್ಲಿ ರಟ್ಟಿನ ಪೆಟ್ಟಿಗೆಗಳಿದ್ದವು. ಆನಾ ಪಕ್ಕದ ಗಾಡಿಯ ಮಕ್ಕಳ ಜೊತೆ ಹೊರಗೆ ಆಡುತ್ತಿದ್ದಳು. ವಾಸಿತಿ ಬಡಿಸುವ ಮೊದಲೇ ಹೇಳಿದಳು.

"ನದಿ ಕಡೆ ಊರಲ್ಲಿ ಡೇಕೇರ್ ಕೆಲಸ ಸಿಕ್ತು ನೋಲೀನ್. ಕೆಲಸದ ಜೊತೆಗೇ ಮನೆ ಕೊಡ್ತಾರೆ. ಮುಂದಿನ ಶುಕ್ರವಾರ ಹೊರಡ್ತೀವಿ."

ನನ್ನ ಬಾಯಿಗೆ ಮೊದಲು ಬಂದದ್ದು ಅದೇ ಹಳೇ ರಾಗ. "ನೋಡು, ನೋಡು ಇವರು ಮಾಡಿದ್ದು! ಆ ಗ್ರೇಮ್, ಆ ಮರ್ವ್, ಆ ಬಾತುಕೋಳಿಯವರು..."

"ನೋಲೀನ್" ಅಂದಳು ಅವಳು. ಮೆಲ್ಲಗೇ ಅಂದಳು.

"ಸ್ಕಾಟ್ ಬೀದಿ ಮನೆ ನಿಮ್ದು ಅಂತ ನನಗೆ ಬಂದ ಎರಡನೇ ವಾರವೇ ಗೊತ್ತಿತ್ತು. ನೀವು ಹುಲ್ಲು ಕತ್ತರಿಸ್ತಿದ್ರಿ, ನಾವು ಶಾಲೆಯಿಂದ ನಡ್ಕೊಂಡು ಬರ್ತಿದ್ವಿ. ನೀವು ನಮ್ಮನ್ನ ನೋಡ್ಲಿಲ್ಲ."

"ಮತ್ತೆ ಕೇಳ್ಬಾರ್ದಿತ್ತಾ? ಏಳು ವಾರದಿಂದ ನಿನ್ನ ಮುಂದೆ ಕೂತು ಉಣ್ತಿದೀನಿ, ಒಂದು ಮಾತು ಕೇಳ್ಬಾರ್ದಿತ್ತಾ ನೀನು?"

"ನಮ್ಮೂರಲ್ಲಿ ಒಬ್ರು ಬಂದು ನಂಗಿದು ಬೇಕು ಅಂತ ಕೇಳಿದ್ರೆ ಇಲ್ಲ ಅನ್ನೋ ಹಾಗಿಲ್ಲ. ಮನಸ್ಸಿರ್ಲಿ ಬಿಡ್ಲಿ, ಕೊಡ್ಲೇಬೇಕು. ಅದಕ್ಕೇ ತಿಳಿದೋರು ಸುಲಭಕ್ಕೆ ಕೇಳಲ್ಲ. ನಾನು ಕೇಳಿದ್ರೆ ನಿಮ್ಮ ಕತ್ತು ಹಿಡಿದ ಹಾಗೆ ಆಗ್ತಿತ್ತು. ನಿಮ್ಮಮ್ಮನ ಮನೆ ಅದು. ನೀವಾಗೇ ಹೇಳ್ತೀರಿ ಅಂತ ಕಾದೆ. ಪ್ರತಿ ಬುಧವಾರ ಇವತ್ತು ಹೇಳ್ತಾರೆ ಅಂತ ಒಂದು ತುತ್ತು ಜಾಸ್ತೀನೇ ಮಾಡ್ತಿದ್ದೆ."

"ನೀನು ಕೇಳಿದ್ರೆ ಕೊಡ್ತಿದ್ದೆ ಕಣೇ!"

"ನಿಜವಾಗ್ಲೂ?"

ನಮ್ಮಲ್ಲಿ ಕೇಳಿದವರನ್ನು ಕಂಡರೆ ನಮಗೆ ಆಗದು. ಕೇಳದೆ ಸುಮ್ಮನಿದ್ದವರನ್ನು, ಪಾಪ ಎಷ್ಟು ಸ್ವಾಭಿಮಾನಿ ಎಂದು ಹೊಗಳಿ ಮನೆಗೆ ಹೋಗಿ ಮಲಗುತ್ತೇವೆ. ಅವಳು ಕೇಳಿದ್ದರೆ ನಾನು ಏನು ಮಾಡುತ್ತಿದ್ದೆನೋ, ದೇವರಾಣೆ ನನಗೇ ಗೊತ್ತಿಲ್ಲ.

"ಈಗ ತಗೋ" ಅಂದೆ. ಗೊಂಚಲಿನಿಂದ ಬೀಗದ ಕೈ ಬಿಡಿಸಲು ಹೋದೆ, ಗೊಂಚಲಿನ ಉಂಗುರ ಗಟ್ಟಿ, ಉಗುರು ಮುರಿಯಿತು. "ಈಗ್ಲೇ ತಗೋ. ನಾಳೆ ಸಾಮಾನು ಸಾಗಿಸೋಣ. ಬಾಡಿಗೆ ಗೀಡಿಗೆ ಆಮೇಲೆ ಮಾತಾಡೋಣ. ಹನ್ನೊಂದು ಕೂಸುಗಳಿವೆ ವಾಸಿತಿ. ಕರ್ಸ್ಟಿ ಏನು ಮಾಡ್ತಾಳೆ?"

"ಅಲ್ಲೂ ಹದಿನಾಲ್ಕು ಕೂಸುಗಳಿವೆ. ಅಲ್ಲೂ ತಾಯಂದಿರಿದಾರೆ. ಅವರಿಗೆ ಮಾತು ಕೊಟ್ಟಾಯ್ತು." ಅವಳು ನನ್ನ ಕೈಯನ್ನು ಗೊಂಚಲಿನ ಸಮೇತ ಮುಚ್ಚಿದಳು. "ಕೋಪ ಇಲ್ಲ ನೋಲೀನ್. ಸುಸ್ತಾಗಿದೆ ಅಷ್ಟೇ."

ಆಮೇಲೆ ಬಡಿಸಿದಳು. ನಾನು ಉಂಡೆ.

ಮಾರನೇ ವಾರ ಡೇಕೇರಿನಿಂದ ಹನ್ನೊಂದು ತಾಯಂದಿರಿಗೂ ಕಾಗದ ಹೋಯಿತು: ಜುಲೈ ಒಂದರಿಂದ ಹಸುಳೆ ಕೋಣೆ ಇರುವುದಿಲ್ಲ. ಕರ್ಸ್ಟಿ ಆಸ್ಪತ್ರೆಗೆ ರಾಜೀನಾಮೆ ಬರೆದುಕೊಟ್ಟಳು. ಬೀದಿಯಲ್ಲಿ ನನ್ನನ್ನು ಕಂಡು ಆ ಕಡೆ ದಾಟಿಹೋದಳು. ಗ್ರೇಮ್ ಮಾತ್ರ ತುರ್ತು ಸಭೆ ಕರೆದ.

"ನಾವು ಎಲ್ಲಿ ಎಡವಿದ್ವಿ ಅಂತ ನೋಡ್ಬೇಕು" ಅಂದ. "ನಂಗನ್ಸುತ್ತೆ, ವಿಡಿಯೋನಲ್ಲಿ ಮಕ್ಕಳನ್ನ ಇನ್ನೂ ಸ್ವಲ್ಪ ತೋರಿಸ್ಬೇಕಿತ್ತು."

"ನಿನ್ನ ವಿಡಿಯೋಗೆ ಬೆಂಕಿ ಹಾಕ" ಅಂದೆ. ಎದ್ದು ನಿಂತೆ. "ಬ್ಯಾಂಕ್ ಮನೇನ ನೀನು ಆಟಗಾರನಿಗೆ ಕೊಟ್ಟೆ. ಅಲ್ಲಿ ನಾನು ನಿನ್ನ ಕೊರಳುಪಟ್ಟಿ ಹಿಡಿದು ಬಿಡಿಸ್ಬೇಕಿತ್ತು, ನಮ್ಮಪ್ಪನ ಹೆಸರು ಕೇಳಿ ಮೆತ್ತಗಾದೆ. ಆಮೇಲೆ ಹದಿನೇಳು ಜನರ ಮನೆಗೆ ಹೋಗಿ ಬೈದು ಬಂದೆ. ಹದಿನೆಂಟನೇದು ನನ್ದೇ ಇತ್ತು. ಎಲ್ಲರಿಗೂ ಗೊತ್ತಿತ್ತು, ಅಲ್ವಾ? ಇಲ್ಲಿ ಕೂತಿರೋ ಒಬ್ಬೊಬ್ಬರಿಗೂ ಗೊತ್ತಿತ್ತು. ಯಾರಾದ್ರೂ ಒಬ್ರು ನನ್ನ ಮುಖಕ್ಕೆ ಹೇಳ್ಬಾರ್ದಿತ್ತಾ?"

ಗ್ರೇಮ್ ಚಹಾದ ಬಟ್ಟಲನ್ನು ಅತ್ತಿಂದಿತ್ತ ತಿರುಗಿಸಿದ. ಕೊನೆಗೆ, "ಅದು ನಿನ್ನ ಸ್ವಂತ ವಿಷಯ ನೋಲೀನ್. ನಾವು ಹೇಗೆ ಕೇಳೋದು?" ಅಂದ. ಅವನು ನಿಜಕ್ಕೂ ಸಂಕೋಚದಿಂದಲೇ ಅಂದ, ಅದೇ ನನಗೆ ತಡೆಯಲಾಗಲಿಲ್ಲ. ಸಭೆಯ ನಡಾವಳಿ ಪುಸ್ತಕ ಮುಚ್ಚಿ ಹೊರಗೆ ಬಂದೆ.

ಶುಕ್ರವಾರ ಬೆಳಿಗ್ಗೆಯೇ ಸ್ಕಾಟ್ ಬೀದಿಗೆ ಹೋದೆ. ಏನು ಮಾಡಲು ಹೋದೆ ಅಂತ ಕೇಳಿದರೆ ಹೇಳಲಾರೆ. ಮನೆಯಲ್ಲಿ ಕೂತಿರಲಾಗಲಿಲ್ಲ. ಕಿಟಕಿಗಳನ್ನೆಲ್ಲ ತೆರೆದೆ. ಅಮ್ಮನ ಹಾಸಿಗೆಯನ್ನು ಎಳೆದು ತಂದು ಜಗಲಿಯ ಕಟಕಟೆಯ ಮೇಲೆ ಬಿಸಿಲಿಗೆ ಹಾಕಿದೆ. ಕೋಟನ್ನು ಬಾಗಿಲ ಹಿಂದಿನಿಂದ ತೆಗೆದು ಮತ್ತೆ ಅಲ್ಲೇ ತಗುಲಿಹಾಕಿದೆ. ಫ್ರಿಜ್ಜಿನ ಸ್ವಿಚ್ ಆರಿಸಿದೆ. ಆಮೇಲೆ ಮೆಟ್ಟಿಲ ಮೇಲೆ ಕೂತೆ.

ಹತ್ತು ಗಂಟೆಯ ಹೊತ್ತಿಗೆ ಬೂದು ಕಾರು ಗೇಟಿನ ಮುಂದೆ ನಿಂತಿತು. ಚಾವಣಿಯ ಮೇಲೆ ಮತ್ತೆ ಹಾಸಿಗೆ. ವಾಸಿತಿ ಇಳಿದು ನನ್ನ ಹೀಟರನ್ನು ತಂದು ಜಗಲಿಯ ಮೇಲಿಟ್ಟಳು. ವೈರನ್ನು ನೀಟಾಗಿ ಸುತ್ತಿ ಕಟ್ಟಿದ್ದಳು.

"ಇದು ತುಂಬಾ ಉಪಯೋಗಕ್ಕೆ ಬಂತು" ಅಂದಳು. ಇಬ್ಬರೂ ಅಪ್ಪಿಕೊಂಡೆವು. ಇನ್ನೇನು ಮಾತಿತ್ತು? ಅವಳು ಹೋಗಿ ಸ್ಟೇರಿಂಗಿನ ಮುಂದೆ ಕೂತಳು.

ಆನಾಗೆ ಟಾಟಾ ಹೇಳಲು ನಾನು ಗೇಟಿನವರೆಗೆ ಹೋದೆ. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, ತೆರೆದ ಕಿಟಕಿಗಳನ್ನೂ ಬಿಸಿಲಿಗೆ ಹಾಕಿದ ಹಾಸಿಗೆಯನ್ನೂ ಕಣ್ಣರಳಿಸಿ ನೋಡುತ್ತಿದ್ದಳು. ಆಮೇಲೆ ಗುಟ್ಟು ಹೇಳುವವಳ ಹಾಗೆ ದನಿ ತಗ್ಗಿಸಿದಳು.

"ಆಂಟಿ ನೋಲೀನ್, ಅಜ್ಜಿಗೆ ಹುಷಾರಾಯ್ತಾ?"

"ಯಾವ ಅಜ್ಜಿ, ಕಂದಾ?"

"ಈ ಮನೆ ಅಜ್ಜಿ. ಇಲ್ಲಿ ಯಾರಿರ್ತಾರೆ ಅಂತ ನಾನು ಕೇಳಿದ್ದಕ್ಕೆ ಅಮ್ಮ ಹೇಳಿದ್ರು, ಒಬ್ರು ಅಜ್ಜಿಗೆ ಹುಷಾರಿಲ್ಲ, ಒಳಗೆ ಮಲಗಿದಾರೆ, ಅದಕ್ಕೇ ಆಂಟಿ ಯಾರನ್ನೂ ಒಳಗೆ ಬಿಡಲ್ಲ ಅಂತ. ನಾನು ಇಲ್ಲಿ ಬಂದಾಗೆಲ್ಲ ಕೆಮ್ಮು ಬಂದ್ರೂ ಬಾಯಿ ಮುಚ್ಕೊಂಡು ದಾಟ್ತಿದ್ದೆ. ಅವರಿಗೆ ಎಚ್ಚರ ಆಗ್ಬಾರ್ದು ಅಂತ."

ವಾಸಿತಿ ಮುಂದಿನ ರಸ್ತೆಯನ್ನೇ ನೋಡುತ್ತಿದ್ದಳು. ನಾನು ಗೇಟನ್ನು ಹಿಡಿದುಕೊಂಡೆ. ಈ ಹುಡುಗಿಗಾದರೂ ನಿಜ ಹೇಳಬೇಕಿತ್ತು.

"ಒಳಗೆ ಯಾರೂ ಇಲ್ಲ ಪುಟ್ಟೀ" ಅಂದೆ. "ನಾಲ್ಕು ವರ್ಷದಿಂದ ಯಾರೂ ಇಲ್ಲ."

ಆನಾ ಮನೆಯ ಕಡೆ ಇನ್ನೊಮ್ಮೆ ನೋಡಿ, ಅಮ್ಮನ ಕಡೆ ತಿರುಗಿದಳು.

"ಯಾರೂ ಇಲ್ವಂತೆ ಅಮ್ಮಾ. ಮತ್ತೆ ನಾವ್ಯಾಕೆ ಹೋಗ್ತಿದೀವಿ?"

ವಾಸಿತಿ ಕಾರನ್ನು ಗೇರಿಗೆ ಹಾಕಿದಳು.